ಸಾಮಾಜಿಕ ಜಾಲತಾಣಗಳು ಮತ್ತು ಹೊರಗಿನ ಡೆವಲಪರ್‌ಗಳು

ಸಾಮಾಜಿಕ ಜಾಲತಾಣವೊಂದು ತನ್ನ ಬಳಕೆದಾರರ ಮಾಹಿತಿ, ಅವರ ಪರಸ್ಪರ ನಂಟು, ಬರೆಹ-ಚಿತ್ರಗಳನ್ನು ಪ್ರಕಟಿಸುವ ಸೌಲಭ್ಯ ಇವುಗಳಲ್ಲಿ ಕೆಲವನ್ನು ಹೊರಗಿನ ತಂತ್ರಾಂಶ ತಯಾರಕರಿಗೆ ಷರತ್ತಿನ ಮೇಲೆ ಬಿಟ್ಟುಕೊಟ್ಟು, ಅವರು ಕಟ್ಟುವ ಆ್ಯಪ್‌ಗಳ ಮೂಲಕ ತಾನೂ ಬೆಳೆಯುವ ಕ್ರಮ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ರೂಢಿಗೆ ಬಂತು. 2004ರಲ್ಲಿ ಫ್ಲಿಕರ್, 2006ರಲ್ಲಿ ಟ್ವಿಟರ್ ಈ ಹಾದಿ ಹಿಡಿದವು. 2007ರಲ್ಲಿ ಫೇಸ್‌ಬುಕ್ ಇದನ್ನು ತನ್ನ ಬೆಳವಣಿಗೆಯ ಮುಖ್ಯ ತಂತ್ರವನ್ನಾಗಿಯೇ ಮಾಡಿಕೊಂಡಿತು. ಇವುಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತಾಣಕ್ಕೆ ಕೈ ಸಾಲದಿದ್ದಾಗ ಬಾಗಿಲು ತೆರೆಯುತ್ತದೆ. ಜಾಹೀರಾತಿನ ಆದಾಯ ಕುದುರಿದ ಮೇಲೆ, ಇಲ್ಲವೇ ಮಾಹಿತಿ ಸೋರಿ ಹೆಸರು ಕೆಟ್ಟ ಮೇಲೆ, ಅದೇ ಬಾಗಿಲು ಮುಕ್ಕಾಲು ಮುಚ್ಚುತ್ತದೆ. ತೆರೆದದ್ದರಿಂದಲೇ ತಾಣ ಬೆಳೆಯಿತು ಎಂದು ಹೇಳುವವರೂ ಇದ್ದಾರೆ. ಆ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ತೆರೆಯುವ ಬಗೆ

ಇಲ್ಲಿ ತೆರೆಯುವುದೆಂದರೆ ತಾಣದ ಮೂಲ ಕೋಡ್ ಹಂಚುವುದೆಂದು ತಿಳಿಯಬಾರದು. ಹೊರಗಿನ ಪ್ರೋಗ್ರಾಂ ಒಂದು ತಾಣದ ಸರ್ವರ್‌ಗೆ ಏನೇನು ಕೇಳಬಹುದು, ಅದಕ್ಕೆ ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ನಿಗದಿಪಡಿಸಿದ ವ್ಯವಸ್ಥೆಗೆ ಎಪಿಐ ಎನ್ನುತ್ತಾರೆ. ಈ ಬಳಕೆದಾರನ ಗೆಳೆಯರು ಯಾರು, ಈ ಊರಿನ ಹೆಸರಿರುವ ಹೊಸ ಪೋಸ್ಟ್‌ಗಳು ಯಾವುವು, ಈ ಚಿತ್ರವನ್ನು ಇವರ ಹೆಸರಿನಲ್ಲಿ ಪ್ರಕಟಿಸು ಎಂಬಂಥ ಕೋರಿಕೆಗಳು ಇದರ ಮೂಲಕ ಸಾಗುತ್ತವೆ. ಯಾವ ಕೋರಿಕೆಗೆ ಉತ್ತರ ಕೊಡಬೇಕು, ಗಂಟೆಗೆ ಎಷ್ಟು ಸಲ ಕೇಳಬಹುದು, ಸಿಕ್ಕಿದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬ ತೀರ್ಮಾನವೆಲ್ಲ ತಾಣದ ಕೈಯಲ್ಲೇ ಇರುತ್ತದೆ. ಡೆವಲಪರ್‌ಗೆ ಸಿಗುವುದು ಅನುಮತಿ ಮಾತ್ರ, ಹಕ್ಕಲ್ಲ. ಮುಂದೆ ನಡೆದ ಜಗಳಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ತಾಣಕ್ಕೆ ಇದರಿಂದಾಗುವ ಲಾಭ ಸ್ಪಷ್ಟ. ಜನಕ್ಕೆ ಏನು ಹಿಡಿಸುತ್ತದೆಂದು ಮೊದಲೇ ಹೇಳುವುದು ಯಾರಿಗೂ ಸಾಧ್ಯವಿಲ್ಲ; ಹೊರಗಿನವರು ನೂರಾರು ಪ್ರಯೋಗ ಮಾಡುತ್ತಾರೆ, ಬಿದ್ದುಹೋದದ್ದರ ನಷ್ಟ ಅವರದು, ಗೆದ್ದದ್ದರ ಬಳಕೆದಾರರು ತಾಣದವರು. ಅರ್ಥಶಾಸ್ತ್ರಜ್ಞರಾದ ಜಾನ್-ಶಾರ್ಲ್ ರೋಶೆ ಮತ್ತು ಜಾನ್ ತಿರೋಲ್ 2003ರಲ್ಲಿ ಪ್ರಕಟಿಸಿದ ಪ್ರಬಂಧ ಇಂಥ ಎರಡು ಬದಿಯ ಮಾರುಕಟ್ಟೆಗಳನ್ನು ವಿವರಿಸುತ್ತದೆ. ಒಂದು ಬದಿಯವರು ಹೆಚ್ಚಿದಷ್ಟೂ ಇನ್ನೊಂದು ಬದಿಯವರಿಗೆ ಅದರ ಬೆಲೆ ಹೆಚ್ಚುತ್ತದೆ. ಆದ್ದರಿಂದ ಒಂದು ಬದಿಯನ್ನು ಪುಕ್ಕಟೆಯಾಗಿಯೋ ನಷ್ಟದಲ್ಲಿಯೋ ಒಳಗೆ ಬಿಟ್ಟುಕೊಂಡು ಇನ್ನೊಂದು ಬದಿಯಿಂದ ಹಣ ಎತ್ತುವುದು ಲಾಭದಾಯಕವಾಗಬಹುದು. ಕ್ರೆಡಿಟ್ ಕಾರ್ಡ್, ಪತ್ರಿಕೆಗಳ ವಿಷಯದಲ್ಲಿ ಹಳೆಯದಾಗಿದ್ದ ಈ ಲೆಕ್ಕಾಚಾರವನ್ನು ಜಾಲತಾಣಗಳು ಡೆವಲಪರ್‌ಗಳಿಗೂ ಅನ್ವಯಿಸಿದವು.

ತಾಂತ್ರಿಕ ತೊಡಕೊಂದು ಮೊದಲೇ ಎದುರಾಯಿತು. ಆರಂಭದ ದಿನಗಳಲ್ಲಿ ಹೊರಗಿನ ಆ್ಯಪ್ ಕೆಲಸ ಮಾಡಬೇಕಾದರೆ ಬಳಕೆದಾರ ತನ್ನ ಪಾಸ್‌ವರ್ಡ್ ಅನ್ನೇ ಅದಕ್ಕೆ ಕೊಡಬೇಕಿತ್ತು. ಕೊಟ್ಟ ಮೇಲೆ ಆ ಆ್ಯಪ್ ಏನು ಬೇಕಾದರೂ ಮಾಡಬಹುದಿತ್ತು; ಹಿಂದಕ್ಕೆ ಪಡೆಯಲು ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ. ಇದಕ್ಕೆ ಪರಿಹಾರವಾಗಿ ಟ್ವಿಟರ್‌ನ ಎಂಜಿನಿಯರ್ ಬ್ಲೇನ್ ಕುಕ್ ಮತ್ತಿತರರು 2007ರಲ್ಲಿ ಓಆಥ್ ಎಂಬ ಮಾನಕವನ್ನು ರೂಪಿಸಿದರು. ಬಳಕೆದಾರ ತಾಣದ ಪುಟದಲ್ಲೇ ಒಪ್ಪಿಗೆ ಒತ್ತುತ್ತಾನೆ, ಆ್ಯಪ್‌ಗೆ ಸಿಗುವುದು ಸೀಮಿತ ಅಧಿಕಾರದ ಒಂದು ಟೋಕನ್. ಬೇಡವೆನಿಸಿದಾಗ ಅದೊಂದನ್ನೇ ರದ್ದುಮಾಡಬಹುದು. 2010ರ ಆಗಸ್ಟ್ ಕೊನೆಗೆ ಟ್ವಿಟರ್ ಪಾಸ್‌ವರ್ಡ್ ಪದ್ಧತಿಯನ್ನು ಪೂರ್ತಿಯಾಗಿ ನಿಲ್ಲಿಸಿತು. 2012ರಲ್ಲಿ ಓಆಥ್‌ನ ಎರಡನೆಯ ಆವೃತ್ತಿ ಬಂತು. ಇವತ್ತು ತರಕಾರಿ ತರಿಸುವ ಆ್ಯಪ್‌ನಲ್ಲೂ ಕಾಣುವ ‘ಗೂಗಲ್ ಮೂಲಕ ಲಾಗಿನ್ ಆಗಿ’ ಎಂಬ ಗುಂಡಿಯ ಹಿಂದಿರುವುದು ಇದೇ ಏರ್ಪಾಡು. ತಾಣಕ್ಕೆ ಇನ್ನೊಂದು ಅಧಿಕಾರವೂ ಇದರೊಂದಿಗೆ ದಕ್ಕಿತು ಎಂಬುದನ್ನು ಮರೆಯುವಂತಿಲ್ಲ: ಟೋಕನ್ ಕೊಡುವವರು ಅದನ್ನು ಎಣಿಸಲೂ ಬಲ್ಲರು, ಬೇಕೆಂದಾಗ ನಿಲ್ಲಿಸಲೂ ಬಲ್ಲರು.

ಫೇಸ್‌ಬುಕ್ ಪ್ಲಾಟ್‌ಫಾರ್ಮ್

2007ರಲ್ಲಿ ಅಮೆರಿಕದ ದೊಡ್ಡ ಸಾಮಾಜಿಕ ತಾಣ ಮೈಸ್ಪೇಸ್. ನ್ಯೂಸ್ ಕಾರ್ಪೊರೇಷನ್ ಅದನ್ನು 2005ರಲ್ಲಿ 58 ಕೋಟಿ ಡಾಲರ್‌ಗೆ ಕೊಂಡಿತ್ತು. ಅದರ ಬಳಕೆದಾರರು ಹೊರಗಿನ ವಿಡಿಯೊ, ಚಿತ್ರಗಳ ಕೋಡ್ ಅನ್ನು ತಮ್ಮ ಪುಟಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಯೂಟ್ಯೂಬ್, ಫೋಟೊಬಕೆಟ್‌ಗಳ ಮೊದಲ ಬೆಳವಣಿಗೆಗೆ ಇದೇ ಗೊಬ್ಬರವಾಯಿತು. ಆದರೆ ಮೈಸ್ಪೇಸ್‌ನ ಆಡಳಿತಕ್ಕೆ ಇವರೆಲ್ಲ ತನ್ನ ಅಂಗಳದಲ್ಲಿ ಪುಕ್ಕಟೆ ವ್ಯಾಪಾರ ಮಾಡುವವರಂತೆ ಕಂಡರು. 2007ರ ಏಪ್ರಿಲ್‌ನಲ್ಲಿ ಅದು ಫೋಟೊಬಕೆಟ್‌ನ ವಿಡಿಯೊಗಳನ್ನು ತಡೆಯಿತು. ಕೆಲವೇ ವಾರಗಳಲ್ಲಿ ನ್ಯೂಸ್ ಕಾರ್ಪೊರೇಷನ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ಫೇಸ್‌ಬುಕ್ ಇದೇ ಹೊತ್ತಿಗೆ ತದ್ವಿರುದ್ಧ ದಾರಿ ಹಿಡಿಯಿತು. 2007ರ ಮೇ 24ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಎಫ್8 ಸಮಾವೇಶದಲ್ಲಿ ಮಾರ್ಕ್ ಝುಕರ್‌ಬರ್ಗ್ ‘ಫೇಸ್‌ಬುಕ್ ಪ್ಲಾಟ್‌ಫಾರ್ಮ್’ ಪ್ರಕಟಿಸಿದಾಗ ತಾಣಕ್ಕೆ ಸುಮಾರು 2.4 ಕೋಟಿ ಸಕ್ರಿಯ ಬಳಕೆದಾರರಿದ್ದರು. ಹೊರಗಿನವರ ಆ್ಯಪ್‌ಗಳು ಬಳಕೆದಾರರ ಪ್ರೊಫೈಲ್‌ನಲ್ಲೇ ಕೂರಬಹುದು, ಫೇಸ್‌ಬುಕ್‌ನ ಒಳಗೇ ತಮ್ಮದೇ ಪುಟ ಹೊಂದಬಹುದು, ಅಲ್ಲಿ ಜಾಹೀರಾತು ಹಾಕಿ ಬಂದ ಹಣವನ್ನೆಲ್ಲ ತಾವೇ ಇಟ್ಟುಕೊಳ್ಳಬಹುದು ಎಂದು ಕಂಪನಿ ಘೋಷಿಸಿತು. ಆದರೆ ನಿಜವಾದ ಆಕರ್ಷಣೆ ನ್ಯೂಸ್‌ಫೀಡ್. ಒಬ್ಬರು ಆ್ಯಪ್ ಹಾಕಿಕೊಂಡರೆ ಆ ಸುದ್ದಿ ಅವರ ಗೆಳೆಯರಿಗೆಲ್ಲ ತಾನಾಗಿ ತಲುಪುತ್ತಿತ್ತು. ಡೆವಲಪರ್‌ಗೆ ಪ್ರಚಾರದ ಖರ್ಚೇ ಇಲ್ಲ. ಗೆಳೆತನದ ನಂಟೇ ಆ್ಯಪ್ ಅನ್ನು ಹರಡುತ್ತದೆ ಎಂಬ ನಂಬಿಕೆಗೆ ಫೇಸ್‌ಬುಕ್‌ನ ಸ್ವಂತ ಅನುಭವದ ಬೆಂಬಲವಿತ್ತು. ಅದರ ಫೋಟೊ ವಿಭಾಗದಲ್ಲಿ ಬೇರೆ ಚಿತ್ರತಾಣಗಳಲ್ಲಿದ್ದ ಎಷ್ಟೋ ಸೌಲಭ್ಯಗಳಿರಲಿಲ್ಲ. ಚಿತ್ರದಲ್ಲಿರುವ ಗೆಳೆಯನ ಹೆಸರನ್ನು ಟ್ಯಾಗ್ ಮಾಡುವ ಒಂದೇ ಅನುಕೂಲದಿಂದ ಅದು ಎಲ್ಲರನ್ನೂ ಹಿಂದೆ ಹಾಕಿತ್ತು.

ಪರಿಣಾಮ ದಿನಗಳಲ್ಲೇ ಕಂಡಿತು. ಐಲೈಕ್ ಎಂಬ ಸಂಗೀತದ ಆ್ಯಪ್‌ಗೆ ಬಳಕೆದಾರರು ನುಗ್ಗಿದ ರಭಸಕ್ಕೆ ಸರ್ವರ್‌ಗಳು ಸಾಲದೆ, ಅದನ್ನು ಕಟ್ಟಿದವರು ಬೇರೆ ಕಂಪನಿಗಳಿಂದ ಸರ್ವರ್‌ಗಳನ್ನು ಎರವಲು ತರಬೇಕಾಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿ. ಜೆ. ಫಾಗ್ ಫೇಸ್‌ಬುಕ್ ಆ್ಯಪ್ ಕಟ್ಟುವುದನ್ನೇ ಪಾಠವಾಗಿಟ್ಟು ಒಂದು ತರಗತಿ ನಡೆಸಿದರು; ಹತ್ತು ವಾರಗಳಲ್ಲಿ ವಿದ್ಯಾರ್ಥಿಗಳ ಆ್ಯಪ್‌ಗಳಿಗೆ ಒಟ್ಟು 1.6 ಕೋಟಿ ಬಳಕೆದಾರರು ಸೇರಿದರು. ಗೆಳೆಯರಿಗೆ ಮುತ್ತು ಕಳಿಸುವುದು, ಅಪ್ಪುಗೆ ಕಳಿಸುವುದು, ಇಂಥ ಹುಡುಗಾಟಗಳೇ ಅವುಗಳಲ್ಲಿ ಹೆಚ್ಚು. 2008ರ ಜುಲೈ ವೇಳೆಗೆ ಫೇಸ್‌ಬುಕ್‌ಗಾಗಿ ಆ್ಯಪ್ ಕಟ್ಟುವವರ ಸಂಖ್ಯೆ 4 ಲಕ್ಷ ಮುಟ್ಟಿತ್ತು. ತಾಣದ ಬಳಕೆದಾರರು 2007ರ ಅಕ್ಟೋಬರ್‌ನಲ್ಲಿ 5 ಕೋಟಿ, 2008ರ ಆಗಸ್ಟ್‌ನಲ್ಲಿ 10 ಕೋಟಿ ಆದರು.

ಈ ಬೆಳವಣಿಗೆಯನ್ನೆಲ್ಲ ಪ್ಲಾಟ್‌ಫಾರ್ಮ್‌ನ ಖಾತೆಗೆ ಬರೆಯುವ ವಾಡಿಕೆಯಿದೆ. ಆದರೆ ಕಾಲೇಜು ಮತ್ತು ಕಚೇರಿಗಳ ಜಾಲವಾಗಿದ್ದ ಫೇಸ್‌ಬುಕ್ 2006ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ನ್ಯೂಸ್‌ಫೀಡ್ ಬಂದದ್ದೂ ಅದೇ ತಿಂಗಳು. 2008ರಲ್ಲಿ ತಾಣ ಇಂಗ್ಲಿಷಿನ ಆಚೆಗಿನ ಭಾಷೆಗಳಿಗೆ ಹೋಯಿತು, ಅದೂ ಬಳಕೆದಾರರೇ ಕೂತು ಮಾಡಿದ ಅನುವಾದಗಳ ಬಲದಿಂದ. ಇವು ಮೂರೂ ಹೊಸಬರನ್ನು ಕರೆತಂದವು. ಆ್ಯಪ್‌ಗಳು ಮಾಡಿದ ಮುಖ್ಯ ಕೆಲಸ ಬಂದವರನ್ನು ಹಿಡಿದು ಕೂರಿಸಿದ್ದು, ಮತ್ತು ಆ ಕಾಲದ ಉತ್ಸಾಹಿ ಎಂಜಿನಿಯರ್‌ಗಳ, ಹೂಡಿಕೆದಾರರ ಗಮನವನ್ನು ಮೈಸ್ಪೇಸ್‌ನಿಂದ ಇತ್ತ ತಿರುಗಿಸಿದ್ದು.

ಅತಿಯೂ ಬೇಗ ಆಯಿತು. ಝಾಂಬಿಯಾಗಿ ಗೆಳೆಯರನ್ನು ಕಚ್ಚುವ, ಫಲಿತಾಂಶ ನೋಡಬೇಕಾದರೆ ಮೊದಲು ಗೆಳೆಯರನ್ನು ಕರೆಯಿರಿ ಎಂದು ಪೀಡಿಸುವ ಆ್ಯಪ್‌ಗಳಿಂದ ಜನ ರೋಸಿಹೋದರು. ಫೇಸ್‌ಬುಕ್ 2008ರ ಮರುವಿನ್ಯಾಸದಲ್ಲಿ ಆ್ಯಪ್‌ಗಳನ್ನು ಪ್ರೊಫೈಲ್‌ನ ಹಿಂದಿನ ಪುಟಕ್ಕೆ ಸರಿಸಿತು. 2010ರಲ್ಲಿ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿತು. ಒಂದೊಂದು ಬದಲಾವಣೆಗೂ ಎಷ್ಟೋ ಸಣ್ಣ ಕಂಪನಿಗಳ ಬಳಕೆ ನೆಲಕಚ್ಚಿತು.

ಕೊಲ್ಕತ್ತಾ ಮತ್ತು ಬೆಂಗಳೂರು

ಭಾರತದಿಂದ ಈ ಚರಿತ್ರೆಗೆ ಸೇರಿದ ಮೊದಲ ದೊಡ್ಡ ಹೆಸರು ಸ್ಕ್ರಾಬ್ಯುಲಸ್. ಕೊಲ್ಕತ್ತಾದ ಸೋದರರಾದ ರಜತ್ ಮತ್ತು ಜಯಂತ್ ಅಗರ್‌ವಾಲಾ ಸ್ಕ್ರಾಬಲ್ ಪದದಾಟವನ್ನು ಹೋಲುವ ಈ ಆಟವನ್ನು 2007ರಲ್ಲಿ ಫೇಸ್‌ಬುಕ್‌ಗೆ ತಂದರು. ದಿನಕ್ಕೆ ಸುಮಾರು 5 ಲಕ್ಷ ಜನ ಆಡುತ್ತಿದ್ದರು. ಸ್ಕ್ರಾಬಲ್‌ನ ಹಕ್ಕು ಅಮೆರಿಕ, ಕೆನಡಾಗಳಲ್ಲಿ ಹ್ಯಾಸ್ಬ್ರೊ ಕಂಪನಿಯದು, ಉಳಿದೆಡೆ ಮ್ಯಾಟೆಲ್‌ನದು. 2008ರ ಜುಲೈನಲ್ಲಿ ಹ್ಯಾಸ್ಬ್ರೊ ದಾವೆ ಹೂಡಿದ ಮೇಲೆ ಆ ಎರಡು ದೇಶಗಳಲ್ಲಿ ಆಟ ಸ್ಥಗಿತವಾಯಿತು. ಮ್ಯಾಟೆಲ್ ದೆಹಲಿ ಹೈಕೋರ್ಟಿನ ಮೊರೆಹೋಯಿತು. ಸ್ಕ್ರಾಬ್ಯುಲಸ್ ಎಂಬ ಹೆಸರನ್ನು ಬಳಸಕೂಡದು, ಆದರೆ ಆಟದ ಮೇಲೆ ಕೃತಿಸ್ವಾಮ್ಯ ಸಲ್ಲದು ಎಂಬ ನಿಲುವನ್ನು ನ್ಯಾಯಾಲಯ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತಳೆಯಿತು. ಆಟ ಲೆಕ್ಸುಲಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಇಬ್ಬರು ಕಟ್ಟಿದ ಆಟ ಹಳೆಯ ಆಟಿಕೆ ಕಂಪನಿಗಳೆರಡನ್ನು ಬೆಚ್ಚಿಬೀಳಿಸುವಷ್ಟು ಬೆಳೆದದ್ದು ತೆರೆದ ವೇದಿಕೆ ಇದ್ದುದರಿಂದಲೇ.

ಅಮೆರಿಕದ ಆಟಗಳ ಕಂಪನಿ ಝಿಂಗಾದ ಕತೆ ಬೇರೆಯದು. 2009ರ ಜೂನ್‌ನಲ್ಲಿ ಬಂದ ಅದರ ಫಾರ್ಮ್‌ವಿಲ್ ಆಟಕ್ಕೆ 2010ರ ಆರಂಭದ ಹೊತ್ತಿಗೆ ತಿಂಗಳಿಗೆ 8 ಕೋಟಿಗೂ ಹೆಚ್ಚು ಆಟಗಾರರಿದ್ದರು. ನೆಟ್ಟ ಬೆಳೆ ಬಾಡುವ ಮುನ್ನ ಕೊಯ್ಯಬೇಕೆಂಬ ನಿಯಮದಿಂದ ಜನ ದಿನಕ್ಕೆ ನಾಲ್ಕಾರು ಬಾರಿ ಫೇಸ್‌ಬುಕ್‌ಗೆ ಮರಳುತ್ತಿದ್ದರು. ತಾಣಕ್ಕೆ ಬೇಕಾಗಿದ್ದುದೂ ಇದೇ. ಝಿಂಗಾ 2010ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಆದರೆ 2011ರ ಜುಲೈನಿಂದ ಆಟಗಳು ಫೇಸ್‌ಬುಕ್‌ನ ಹಣಪಾವತಿ ವ್ಯವಸ್ಥೆಯನ್ನೇ ಬಳಸಬೇಕು, ಅದಕ್ಕೆ ಶೇ 30 ಪಾಲು ಕೊಡಬೇಕು ಎಂಬ ನಿಯಮ ಜಾರಿಗೆ ಬಂತು. ಷೇರು ಮಾರುಕಟ್ಟೆಗೆ ಇಳಿಯುವ ಮುನ್ನ 2012ರಲ್ಲಿ ಫೇಸ್‌ಬುಕ್ ಸಲ್ಲಿಸಿದ ದಾಖಲೆಯ ಪ್ರಕಾರ 2011ರ ಅದರ ವರಮಾನದಲ್ಲಿ ಶೇ 12 ಝಿಂಗಾದಿಂದ ಬಂದಿತ್ತು. ಝಿಂಗಾದ ಕಡೆಯಿಂದ ನೋಡಿದರೆ ಅವಲಂಬನೆ ಇನ್ನೂ ಕೆಟ್ಟದು: ಅದರ ವರಮಾನದ ಬಹುಪಾಲು ಒಂದೇ ತಾಣದ ಮರ್ಜಿಯ ಮೇಲೆ ನಿಂತಿತ್ತು. ಜನ ಮೊಬೈಲ್‌ಗೆ ಸರಿದಂತೆ ಕಂಪ್ಯೂಟರ್ ಬ್ರೌಸರ್‌ನ ಆ ಲೋಕವೇ ಕರಗಿತು. ಫಾರ್ಮ್‌ವಿಲ್ 2020ರ ಡಿಸೆಂಬರ್ 31ರಂದು, ಅದು ನಿಂತಿದ್ದ ಫ್ಲ್ಯಾಶ್ ತಂತ್ರಜ್ಞಾನದೊಂದಿಗೇ ಮುಚ್ಚಿತು.

ಓಪನ್‌ಸೋಶಿಯಲ್

ಫೇಸ್‌ಬುಕ್‌ಗೆ ಉತ್ತರವಾಗಿ ಗೂಗಲ್ 2007ರ ನವೆಂಬರ್‌ನಲ್ಲಿ ಓಪನ್‌ಸೋಶಿಯಲ್ ಎಂಬ ಸಾಮಾನ್ಯ ಮಾನಕವನ್ನು ಮುಂದಿಟ್ಟಿತು. ಒಮ್ಮೆ ಬರೆದ ಆ್ಯಪ್ ಆರ್ಕುಟ್, ಮೈಸ್ಪೇಸ್, ಹೈ5, ಫ್ರೆಂಡ್‌ಸ್ಟರ್, ಲಿಂಕ್ಡ್‌ಇನ್ ಎಲ್ಲದರಲ್ಲೂ ನಡೆಯಬೇಕು ಎಂಬುದು ಉದ್ದೇಶ. ಕಾಗದದ ಮೇಲೆ ಇದು ಫೇಸ್‌ಬುಕ್‌ನದಕ್ಕಿಂತ ಉದಾರವಾದ ಯೋಜನೆ. ಆದರೂ ನಿಲ್ಲಲಿಲ್ಲ. ಒಂದೊಂದು ತಾಣವೂ ಮಾನಕವನ್ನು ತನ್ನದೇ ರೀತಿಯಲ್ಲಿ ಜಾರಿಮಾಡಿದ್ದರಿಂದ ಡೆವಲಪರ್‌ಗಳು ಪ್ರತಿಯೊಂದಕ್ಕೂ ಬೇರೆಯಾಗಿ ತಿದ್ದಬೇಕಾಯಿತು. ಅದಕ್ಕಿಂತ ದೊಡ್ಡ ಕಾರಣ, ಆ ತಾಣಗಳಲ್ಲಿ ಹಲವು ಆಗಲೇ ಜನರನ್ನು ಕಳೆದುಕೊಳ್ಳತೊಡಗಿದ್ದವು. ಜಾತ್ರೆ ಸೇರಿದ ಕಡೆ ಅಂಗಡಿಗಳು ಬರುತ್ತವೆ. ಅಂಗಡಿ ಹಾಕಿದ ಮಾತ್ರಕ್ಕೆ ಜಾತ್ರೆ ಸೇರುವುದಿಲ್ಲ. ಭಾರತ ಮತ್ತು ಬ್ರೆಜಿಲ್‌ಗಳಲ್ಲಿ ಬಹಳ ಜನಪ್ರಿಯವಾಗಿದ್ದ, ಕನ್ನಡಿಗರ ಸಮುದಾಯಗಳಿಗೂ ನೆಲೆಯಾಗಿದ್ದ ಆರ್ಕುಟ್ ಅನ್ನು ಗೂಗಲ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು.

ಟ್ವಿಟರ್: ಹೊರಗಿನವರು ಕಟ್ಟಿದ ತಾಣ

ಹೊರಗಿನವರ ಋಣ ಹೆಚ್ಚಾಗಿ ಹೊತ್ತ ತಾಣ ಯಾವುದೆಂದರೆ ಟ್ವಿಟರ್ ಎಂದೇ ಹೇಳಬೇಕು. 2006ರಲ್ಲಿ ಶುರುವಾದಾಗ ಅದು ಹೆಚ್ಚುಕಡಿಮೆ ಒಂದು ಪೆಟ್ಟಿಗೆ ಮತ್ತು 140 ಅಕ್ಷರಗಳ ಮಿತಿ. ಆ ವರ್ಷವೇ ಎಪಿಐ ತೆರೆದದ್ದರಿಂದ ಮಿಕ್ಕದ್ದನ್ನು ಬೇರೆಯವರು ತುಂಬಿದರು. ಐಕಾನ್‌ಫ್ಯಾಕ್ಟರಿ ಸಂಸ್ಥೆಯ ಟ್ವಿಟರಿಫಿಕ್, ಟ್ವಿಟರ್‌ಗಿಂತ ಮೊದಲೇ ಹಕ್ಕಿಯ ಚಿತ್ರವನ್ನು ಗುರುತಾಗಿ ಬಳಸಿತು. ಹುಡುಕುವ ಸೌಲಭ್ಯ ಬಂದದ್ದು ಸಮೈಝ್ ಎಂಬ ಕಂಪನಿಯಿಂದ, ಅದನ್ನು ಟ್ವಿಟರ್ 2008ರಲ್ಲಿ ಕೊಂಡಿತು. ಪರದೆಯನ್ನು ಬೆರಳಿನಿಂದ ಕೆಳಗೆಳೆದು ಹೊಸತನ್ನು ತರಿಸುವ ಕ್ರಮ ಲೋರೆನ್ ಬ್ರಿಕ್ಟರ್ ತಮ್ಮ ಟ್ವೀಟಿ ಆ್ಯಪ್‌ಗಾಗಿ ರೂಪಿಸಿದ್ದು. ಇವತ್ತು ಬಹುತೇಕ ಎಲ್ಲ ಫೋನುಗಳ ಆ್ಯಪ್‌ಗಳಲ್ಲೂ ಅದು ಇದೆ. 2010ರ ಏಪ್ರಿಲ್‌ನಲ್ಲಿ ಡೆವಲಪರ್‌ಗಳಿಗಾಗಿ ನಡೆಸಿದ ಚರ್ಪ್ ಸಮಾವೇಶದಲ್ಲಿ ಟ್ವಿಟರ್ ಹೇಳಿಕೊಂಡಂತೆ ಅದರ ಬಳಕೆಯ ಮುಕ್ಕಾಲು ಪಾಲು ತನ್ನ ಸ್ವಂತ ಪುಟದ ಹೊರಗಿನಿಂದಲೇ ಬರುತ್ತಿತ್ತು.

ಅಲ್ಲೇ ತೊಡಕೂ ಇತ್ತು. ಬೇರೆಯವರ ಆ್ಯಪ್‌ನಲ್ಲಿ ಓದುವವರಿಗೆ ಜಾಹೀರಾತು ತೋರಿಸುವುದು ಹೇಗೆ? ಟ್ವಿಟರ್ ಜಾಹೀರಾತು ಮಾರಲು ಆರಂಭಿಸಿದ್ದು, ಟ್ವೀಟಿಯನ್ನು ಕೊಂಡು ತನ್ನ ಅಧಿಕೃತ ಆ್ಯಪ್ ಮಾಡಿಕೊಂಡದ್ದು ಎರಡೂ ಅದೇ ತಿಂಗಳು. 2011ರ ಮಾರ್ಚ್‌ನಲ್ಲಿ, ಟ್ವೀಟ್ ಓದುವ ಹೊಸ ಆ್ಯಪ್‌ಗಳನ್ನು ಇನ್ನು ಕಟ್ಟಬೇಡಿ ಎಂದು ಅದು ಡೆವಲಪರ್‌ಗಳಿಗೆ ತಿಳಿಸಿತು. ಮೇ ತಿಂಗಳಲ್ಲಿ ಟ್ವೀಟ್‌ಡೆಕ್ ಅನ್ನು ಕೊಂಡಿತು. 2012ರ ಆಗಸ್ಟ್‌ನಲ್ಲಿ ಅಂಥ ಆ್ಯಪ್‌ಗಳಿಗೆ 1 ಲಕ್ಷ ಬಳಕೆದಾರರ ಮಿತಿ ಹಾಕಿತು. ಗೆದ್ದ ಆ್ಯಪ್‌ಗೆ ಗೆಲುವೇ ಶಿಕ್ಷೆಯಾಗುವ ವಿಚಿತ್ರ ನಿಯಮವಿದು. ಎಲಾನ್ ಮಸ್ಕ್ ಕೊಂಡ ನಂತರ, 2023ರ ಜನವರಿಯಲ್ಲಿ ಟ್ವೀಟ್‌ಬಾಟ್, ಟ್ವಿಟರಿಫಿಕ್ ಮೊದಲಾದವು ಮುನ್ಸೂಚನೆಯಿಲ್ಲದೆ ನಿಂತುಹೋದವು. ಇಂಥ ಆ್ಯಪ್‌ಗಳನ್ನು ನಿಷೇಧಿಸುವ ಸಾಲು ಡೆವಲಪರ್‌ಗಳ ಒಪ್ಪಂದಕ್ಕೆ ಸೇರಿದ್ದು ಅದಾದ ಮೇಲೆ.

ಬಾಗಿಲು ಮುಚ್ಚಿದ ಕಾರಣಗಳು

ಪೈಪೋಟಿಯ ಭಯ ಒಂದು ಕಾರಣ. ಟ್ವಿಟರ್‌ನ ವಿಡಿಯೊ ಆ್ಯಪ್ ವೈನ್ 2013ರ ಜನವರಿಯಲ್ಲಿ ಬಿಡುಗಡೆಯಾದ ದಿನವೇ ಫೇಸ್‌ಬುಕ್ ಅದಕ್ಕೆ ತನ್ನ ಗೆಳೆಯರ ಪಟ್ಟಿ ಸಿಗದಂತೆ ಮಾಡಿತು. ಈ ಕುರಿತ ಒಳಗಿನ ಮಿಂಚಂಚೆಗಳನ್ನು ಬ್ರಿಟನ್ ಸಂಸತ್ತಿನ ಸಮಿತಿ 2018ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿತು. ಟ್ವಿಟರ್ ತಾನೂ 2015ರಲ್ಲಿ ಮೀರ್‌ಕ್ಯಾಟ್ ಎಂಬ ನೇರಪ್ರಸಾರದ ಆ್ಯಪ್‌ಗೆ ಇದನ್ನೇ ಮಾಡಿತು.

ಎರಡನೆಯದು ಮಾಹಿತಿಯ ಸೋರಿಕೆ. ಫೇಸ್‌ಬುಕ್‌ನ ಹಳೆಯ ನಿಯಮದಲ್ಲಿ ಒಬ್ಬರು ಆ್ಯಪ್‌ಗೆ ಒಪ್ಪಿಗೆ ಕೊಟ್ಟರೆ ಅವರ ಗೆಳೆಯರ ಮಾಹಿತಿಯೂ ಆ್ಯಪ್‌ಗೆ ಸಿಗುತ್ತಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ಅಲೆಕ್ಸಾಂಡರ್ ಕೋಗನ್ ಅವರ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಅನ್ನು ಹಾಕಿಕೊಂಡವರು ಸುಮಾರು 2.7 ಲಕ್ಷ, ಮಾಹಿತಿ ಹೋಗಿರಬಹುದಾದವರು 8.7 ಕೋಟಿ. ಭಾರತದಲ್ಲಿ 335 ಜನ ಅದನ್ನು ಹಾಕಿಕೊಂಡಿದ್ದರು, ಅವರ ಮೂಲಕ 5.62 ಲಕ್ಷ ಜನರ ವಿವರ ಹೊರಬಿದ್ದಿರಬಹುದು ಎಂದು ಫೇಸ್‌ಬುಕ್ 2018ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಇದು ಯಾರೋ ಕನ್ನ ಹಾಕಿದ ಪ್ರಕರಣವಲ್ಲ. ಮಾಹಿತಿಯನ್ನು ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಕಂಪನಿಗೆ ದಾಟಿಸಿದ್ದು ನಿಯಮದ ಉಲ್ಲಂಘನೆ. ಅದನ್ನು ಎತ್ತಿಕೊಂಡದ್ದು ಎಪಿಐ ಬಿಟ್ಟಿದ್ದ ದಾರಿಯಲ್ಲೇ. ಗೆಳೆಯರ ಮಾಹಿತಿ ಸಿಗುವ ಆ ವ್ಯವಸ್ಥೆ 2015ರ ಏಪ್ರಿಲ್‌ವರೆಗೂ ಇತ್ತು. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಖಾಸಗಿತನದ ಲೋಪಗಳಿಗಾಗಿ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ಅಂದಿನಿಂದ ಖಾಸಗಿತನದ ರಕ್ಷಣೆ ಎಂಬ ಮಾತು ಬಾಗಿಲು ಮುಚ್ಚಲು ಗೌರವಯುತ ಕಾರಣವಾಗಿ ಒದಗಿದೆ. ಸುಳ್ಳುಸುದ್ದಿ ಹೇಗೆ ಹರಡುತ್ತದೆಂದು ತಿಳಿಯಲು ಪತ್ರಕರ್ತರೂ ಸಂಶೋಧಕರೂ ಬಳಸುತ್ತಿದ್ದ, ಸಾರ್ವಜನಿಕ ಪೋಸ್ಟ್‌ಗಳನ್ನಷ್ಟೇ ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಕೂಡ 2024ರ ಆಗಸ್ಟ್‌ನಲ್ಲಿ ಮುಚ್ಚಿತು.

ಮೂರನೆಯ ಕಾರಣ ಕೃತಕ ಬುದ್ಧಿಮತ್ತೆ. ಎಪಿಐ ಮೂಲಕ ಪುಕ್ಕಟೆ ಹೋಗುತ್ತಿದ್ದ ಮಾತುಕತೆಗಳೇ ಭಾಷಾ ಮಾದರಿಗಳ ತರಬೇತಿಗೆ ಸರಕಾದಾಗ ರೆಡಿಟ್ 2023ರಲ್ಲಿ ದರ ವಿಧಿಸಿತು. 5 ಕೋಟಿ ಕೋರಿಕೆಗಳಿಗೆ 12,000 ಡಾಲರ್‌ನಂತೆ ತನಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಬೀಳುತ್ತದೆಂದು ಲೆಕ್ಕ ಹಾಕಿದ ಅಪೊಲೊ ಆ್ಯಪ್‌ನ ತಯಾರಕ ಜೂನ್ ಕೊನೆಗೆ ಅದನ್ನು ನಿಲ್ಲಿಸಿದರು. ಪ್ರತಿಭಟನೆಯಾಗಿ ಸಾವಿರಾರು ಚರ್ಚಾಗುಂಪುಗಳು ಜೂನ್ 12ರಿಂದ ಕೆಲ ದಿನ ಮುಚ್ಚಿಕೊಂಡವು. ಅಂಧ ಬಳಕೆದಾರರ ಗುಂಪೂ ದನಿ ಎತ್ತಿತು: ರೆಡಿಟ್‌ನ ಸ್ವಂತ ಆ್ಯಪ್ ಅವರಿಗೆ ಸರಿಯಾಗಿ ಓದಿಸುತ್ತಿರಲಿಲ್ಲ, ಹೊರಗಿನವರವು ಓದಿಸುತ್ತಿದ್ದವು. ಇಂಥ ಆ್ಯಪ್‌ಗಳಿಗೆ ಕೊನೆಗೆ ವಿನಾಯಿತಿ ಸಿಕ್ಕಿತು.

ಆ್ಯಪ್‌ನೊಳಗಿನ ಆ್ಯಪ್

ಚೀನಾದ ವಿಚಾಟ್ ಬೇರೆ ಮಾದರಿ ಹಾಕಿಕೊಟ್ಟಿದೆ. 2017ರ ಜನವರಿ 9ರಂದು ಶುರುವಾದ ಅದರ ಮಿನಿ ಪ್ರೋಗ್ರಾಂಗಳನ್ನು ಪ್ರತ್ಯೇಕ ಇನ್‌ಸ್ಟಾಲ್ ಮಾಡಬೇಕಿಲ್ಲ. ವಿಚಾಟ್‌ನ ಒಳಗೇ ಟ್ಯಾಕ್ಸಿ, ಊಟ, ಆಟ ಎಲ್ಲವೂ ನಡೆದು ಹಣವೂ ಅಲ್ಲೇ ಪಾವತಿಯಾಗುತ್ತದೆ. ಆದಾಯ ಬರೀ ಜಾಹೀರಾತಿನ ಮೇಲೆ ನಿಲ್ಲದ ಕಾರಣ ಹೊರಗಿನವರೊಂದಿಗೆ ಜಗಳವೂ ಬೇರೆ ಬಗೆಯದು. ಟೆಲಿಗ್ರಾಂ 2015ರಲ್ಲಿ ಬಾಟ್‌ಗಳಿಗೆ ಅವಕಾಶ ಕೊಟ್ಟಿತು. ವಾಟ್ಸ್‌ಆ್ಯಪ್ 2018ರಲ್ಲಿ ತೆರೆದದ್ದು ಶುಲ್ಕ ಕೊಡುವ ಸಂಸ್ಥೆಗಳಿಗೆ ಮಾತ್ರ. ಬೆಂಗಳೂರಿನ ನಮ್ಮ ಮೆಟ್ರೊ 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ವಾಟ್ಸ್‌ಆ್ಯಪ್ ಚಾಟ್‌ಬಾಟ್ ಮೂಲಕ ಕ್ಯುಆರ್ ಟಿಕೆಟ್ ಕೊಡಲಾರಂಭಿಸಿದ್ದು ಈ ದಾರಿಯಲ್ಲೇ. ಆದರೆ ವಾಟ್ಸ್‌ಆ್ಯಪ್‌ನ ಸಂದೇಶ ಓದಲು ಬೇರೆಯದೇ ಆ್ಯಪ್ ಕಟ್ಟುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಪ್ರೋಟೊಕಾಲ್‌ಗಳು ಮತ್ತು ಶಾಸನ

ಒಂದು ಕಂಪನಿಯ ಅನುಮತಿಯನ್ನು ನಂಬುವ ಬದಲು ಇಮೇಲ್‌ನಂತೆ ಯಾರೂ ಒಡೆಯರಲ್ಲದ ನಿಯಮಾವಳಿಯ ಮೇಲೆ ಜಾಲ ಕಟ್ಟುವ ಯತ್ನವೂ ನಡೆದಿದೆ. ಆ್ಯಕ್ಟಿವಿಟಿಪಬ್ ಎಂಬ ಪ್ರೋಟೊಕಾಲ್ 2018ರ ಜನವರಿಯಲ್ಲಿ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಮನ್ನಣೆ ಪಡೆಯಿತು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಆರಂಭಿಸಿದ ಮ್ಯಾಸ್ಟಡಾನ್ ಇದನ್ನು ಬಳಸುತ್ತದೆ. ಟ್ವಿಟರ್‌ನಿಂದ ಹೊರಬಿದ್ದ ಟ್ವೀಟ್‌ಬಾಟ್‌ನ ತಯಾರಕರು ತಮ್ಮ ಮುಂದಿನ ಆ್ಯಪ್ ಐವರಿಯನ್ನು ಮ್ಯಾಸ್ಟಡಾನ್‌ಗಾಗಿ ಕಟ್ಟಿದರು. 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದ ಬ್ಲೂಸ್ಕೈಯಲ್ಲಿ ಯಾವ ಪೋಸ್ಟ್ ಮೊದಲು ಕಾಣಬೇಕೆಂಬ ಆಯ್ಕೆಯ ಸೂತ್ರವನ್ನೂ ಹೊರಗಿನವರು ಬರೆಯಬಹುದು. ಇವುಗಳ ಬಳಕೆದಾರರ ಸಂಖ್ಯೆ ಹಳೆಯ ದೈತ್ಯರ ಮುಂದೆ ಇನ್ನೂ ಚಿಕ್ಕದು.

ಯುರೋಪಿಯನ್ ಒಕ್ಕೂಟ ಹಿಡಿದದ್ದು ಕಾನೂನಿನ ದಾರಿ. ಅದರ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಡಿ 2023ರ ಸೆಪ್ಟೆಂಬರ್‌ನಲ್ಲಿ ಗುರುತಿಸಲಾದ ದೊಡ್ಡ ಕಂಪನಿಗಳು 2024ರ ಮಾರ್ಚ್‌ನಿಂದ ನಿಯಮ ಪಾಲಿಸಬೇಕಾಯಿತು. ವಾಟ್ಸ್‌ಆ್ಯಪ್ ಮತ್ತು ಮೆಸೆಂಜರ್‌ಗಳು ಬೇರೆ ಸಂದೇಶ ಸೇವೆಗಳು ಕೇಳಿದಾಗ ಅವುಗಳೊಂದಿಗೆ ಬೆಸೆದುಕೊಳ್ಳಬೇಕು, ಗೂಢಲಿಪಿಯ ಭದ್ರತೆ ಅದರಿಂದ ಸಡಿಲವಾಗಕೂಡದು. ಇಬ್ಬರ ನಡುವಿನ ಸಂದೇಶಗಳಿಗೆ ಇದು ಮೊದಲು ಅನ್ವಯಿಸುತ್ತದೆ. ಗುಂಪು ಸಂದೇಶಗಳಿಗೆ ಎರಡು ವರ್ಷ, ಧ್ವನಿ ಹಾಗೂ ವಿಡಿಯೊ ಕರೆಗಳಿಗೆ ನಾಲ್ಕು ವರ್ಷಗಳ ಕಾಲಾವಕಾಶ ಕೊಡಲಾಯಿತು.